ಡ್ರೈವರ್ ಬಿಟ್ಟು ನಾಲ್ಕು ಜನ

ಮಾರ್ಚ್ 2, ಸೋಮವಾರ

ಡಾಕ್ಟರಮ್ಮ ದಿನಾ ಬರೆದಿಡಿ ಅಂದಿದ್ದಾರೆ. ತಲೆ ಸುತ್ತಿತೇ, ಎದೆ ಹಾರಿತೇ, ನಿದ್ದೆ ಎಷ್ಟು, ಇಷ್ಟು ಬರೆದರೆ ಸಾಕಂತೆ. ಇಪ್ಪತ್ತೆರಡು ವರ್ಷ ಸ್ಕೂಲ್ ಬಸ್ಸಿನ ಲಾಗ್ ಪುಸ್ತಕ ಬರೆದವನಿಗೆ ಇದೇನು ಮಹಾ ಕೆಲಸ! ಹೊರಟ ಹೊತ್ತು, ಮುಟ್ಟಿದ ಹೊತ್ತು, ಗಾಡಿಯ ಸ್ಥಿತಿ. ಇಲ್ಲಿ ಗಾಡಿ ಅಂದರೆ ನಾನು. ಅವರಿಗೆ ತೋರಿಸಲು ಬೇರೆ ಹಾಳೆ ಇಟ್ಟಿದ್ದೇನೆ. ಈ ಪುಸ್ತಕ ನನಗೇ.

ತಲೆ ಸುತ್ತು: ಇಲ್ಲ. ಎದೆ: ಸರಿ. ನಿದ್ದೆ: ಐದು ಗಂಟೆ, ಅದೂ ತುಂಡು ತುಂಡು.

ಶುಕ್ರವಾರ ಆದದ್ದನ್ನೂ ಬರೆದುಬಿಡುತ್ತೇನೆ. ಸಂಜೆ ಕೊನೆಯ ಸ್ಟಾಪಿನಲ್ಲಿ ಕೊನೆಯ ಮಗು ಇಳಿದಾಗಿತ್ತು. ಹ್ಯಾಂಡ್‌ಬ್ರೇಕ್ ಹಾಕಿದ್ದೆ. ಮಕ್ಕಳನ್ನು ಹತ್ತಿಸಿ ಇಳಿಸುವ ಆಯಮ್ಮ ಬಾಗಿಲು ಹಾಕುತ್ತಿದ್ದಳು. "ಹೊರಡೋಣ" ಎನ್ನಲು ಬಾಯಿ ತೆರೆದದ್ದು ನೆನಪಿದೆ. ಆಮೇಲೆ ನೆನಪಿರುವುದು, ಅವಳ ನೀರಿನ ಬಾಟಲಿ ಪೂರ್ತಿ ನನ್ನ ಮುಖದ ಮೇಲೆ ಖಾಲಿಯಾಗಿದ್ದದ್ದು. ಅರ್ಧ ನಿಮಿಷ ಪ್ರಜ್ಞೆ ಇರಲಿಲ್ಲವಂತೆ. ಎರಡು ನಿಮಿಷ ಮೊದಲಾಗಿದ್ದರೆ ಬಸ್ಸು ಇಳಿಜಾರಿನಲ್ಲಿತ್ತು, ಒಳಗೆ ಮಗು ಇತ್ತು. ಅದನ್ನು ಯೋಚಿಸಬಾರದು ಎಂದು ಹೆಂಡತಿ ಹೇಳಿದ್ದಾಳೆ. ಯೋಚಿಸುತ್ತಿಲ್ಲ, ಬರೆಯುತ್ತಿದ್ದೇನೆ ಅಷ್ಟೆ.

ಐದಾರು ವಾರ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ, ನಾನು ಮತ್ತೆ ಬಸ್ಸು ಓಡಿಸಬಹುದೋ ಇಲ್ಲವೋ ಎಂದು ಡಾಕ್ಟರಮ್ಮ ಹೇಳುತ್ತಾರೆ. ಇಲ್ಲ ಅಂದರೆ ಏನು ಎಂದು ಕೇಳದೆ ಎದ್ದು ಬಂದೆ.

ಮಾರ್ಚ್ 4, ಬುಧವಾರ

ಐದೂಕಾಲಿಗೇ ಎಚ್ಚರವಾಯಿತು. ಹಲ್ಲುಜ್ಜಿ, ಯೂನಿಫಾರ್ಮಿನ ಮೂರು ಗುಂಡಿ ಹಾಕಿಕೊಂಡ ಮೇಲೆ ನೆನಪಾಯಿತು. ಬಿಚ್ಚಿ ಮತ್ತೆ ಮಲಗಿದೆ.

ನನ್ನ ಬಸ್ಸು ನಮ್ಮ ಬೀದಿಯಲ್ಲೇ ಹಾದುಹೋಗುತ್ತದೆ. ಏಳು ಗಂಟೆ ಆರು ನಿಮಿಷಕ್ಕೆ ಬರಬೇಕು. ಇವತ್ತು ಬಂದದ್ದು ಏಳೂಕಾಲಿಗೆ. ನನ್ನ ಜಾಗಕ್ಕೆ ಬಂದವನು ಹಿಂದೆ ಲಾರಿ ಓಡಿಸುತ್ತಿದ್ದನಂತೆ. ಗೇರು ಬದಲಿಸುವ ಸದ್ದಿನಲ್ಲೇ ಗೊತ್ತಾಗುತ್ತದೆ, ಹಿಂದೆ ಕೂತಿರುವುದು ಮಕ್ಕಳಲ್ಲ ಸಿಮೆಂಟ್ ಮೂಟೆ ಎಂದುಕೊಂಡಿದ್ದಾನೆ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವನೇ. ಆದರೂ ನನ್ನ ಪಾಲಿಗೆ ಹೊಸಬ. ಗೇಟಿನ ಬಳಿ ನಿಂತು ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಒಳಗಿಂದ ಅಮ್ಮ, "ಲೋ, ಗೇಟು ಓಡಿಹೋಗಲ್ಲ ಕಣೋ. ಬಾ ಒಳಗೆ, ಟೀ ಆರ್ತಿದೆ" ಅಂದಳು.

ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಯಾರು ಯಾರು ಇದ್ದಾರೆ ಎಂದು ಬರೆಯುವ ಅಭ್ಯಾಸ. ಇಲ್ಲೂ ಬರೆಯುತ್ತೇನೆ. ಮನೆಯಲ್ಲಿ ಐದು ಜನ. ಅಮ್ಮನಿಗೆ ಎಪ್ಪತ್ತೊಂದು. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಎಡ ಮಂಡಿ ಕೈಕೊಟ್ಟಿದೆ, ಬಾಯಿ ಗಟ್ಟಿ ಇದೆ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾಳೆ. ದೊಡ್ಡ ಮಗಳಿಗೆ ಹದಿನೈದು. ಎಲ್ಲರಿಗೂ ಅಪ್ಪಣೆ ಕೊಡುವುದರಿಂದ ಅವಳಿಗೆ ಮನೆಯಲ್ಲಿ ಮಂತ್ರಿ ಎಂದೇ ಹೆಸರು. ಚಿಕ್ಕವಳು ಚೋಟು, ಏಳು ವರ್ಷ. ಐದನೆಯವನು ನಾನು.

ಸಂಜೆ ಮಂತ್ರಿ ಸಭೆ ಕರೆದಳು. "ನಾಲ್ಕು ವರ್ಷದಿಂದ ಥೀಮ್ ಪಾರ್ಕ್, ಥೀಮ್ ಪಾರ್ಕ್ ಅಂತ ಹೇಳ್ತಾನೇ ಇದೀವಿ. ಪ್ರತಿ ಸಲ ಅಪ್ಪನ ಡ್ಯೂಟಿ ಅಡ್ಡ ಬರ್ತಿತ್ತು. ಈಗ ಅಪ್ಪ ಮನೇಲೇ ಇದಾನೆ. ಹೋಗೇಬಿಡೋಣ."

"ಎದೆ ನೋಡಿಸ್ಕೊಳ್ತಾ ಇರೋನನ್ನ ಜಾತ್ರೆಗೆ ಕರ್ಕೊಂಡು ಹೋಗ್ತೀಯೇನೇ?" ಅಂದಳು ಅಮ್ಮ.

"ಮೊದಲು ಡಾಕ್ಟರನ್ನ ಕೇಳೋಣ ಅಜ್ಜಿ. ಅಪ್ಪ ಆಟ ಆಡೋದು ಬೇಡ. ಬಂದರೆ ಸಾಕು."

ನನಗೆ ಆ ಪಾರ್ಕು ಹೊಸದೇನಲ್ಲ. ಶಾಲೆಯ ಪ್ರವಾಸದಲ್ಲಿ ಹನ್ನೊಂದು ಸಲ ಹೋಗಿದ್ದೇನೆ. ಗೇಟಿನ ತನಕ. ಒಳಗೆ ಏನಿದೆ ಎಂದು ಗೊತ್ತಿಲ್ಲ. ಹೊರಗೆ ಬಸ್ಸು ನಿಲ್ಲಿಸುವಲ್ಲಿ ಮೂರನೇ ಸಾಲಿನ ಕೊನೆಗೆ ನಾಲ್ಕೂವರೆಯ ತನಕ ನೆರಳು ಇರುತ್ತದೆ. ಅಲ್ಲೇ ಕುಳಿತು ಮಕ್ಕಳ ಕಿರುಚಾಟ ಕೇಳುತ್ತಿದ್ದೆ.

ಮಾರ್ಚ್ 8, ಭಾನುವಾರ

ಹೋಗಬಹುದು, ಆದರೆ ಮೆಲ್ಲಗೆ ಎಂದಿದ್ದಾರೆ ಡಾಕ್ಟರಮ್ಮ. ಪರೀಕ್ಷೆಗೆ ಯಾವಾಗ ಕರೆದರೂ ಬರಬೇಕಂತೆ, ಅದಕ್ಕೆ ದಿನ ಗಟ್ಟಿ ಮಾಡಿಕೊಳ್ಳಬೇಡಿ ಅಂದರು. ದಿನ ಗಟ್ಟಿ ಮಾಡದೆ ಹೊರಡುವುದು ಹೇಗೆ ಎಂದು ನನಗೆ ತಿಳಿಯದು. ಆದರೂ ಬೆಳಿಗ್ಗೆ ಕುಳಿತು ಒಂದು ಚೊಕ್ಕ ಪಟ್ಟಿ ಮಾಡಿದೆ. ಐದು ನಲವತ್ತಕ್ಕೆ ಬಾಡಿಗೆ ಗಾಡಿಯಲ್ಲಿ ಮನೆ ಬಿಡುವುದು. ಐದು ಐವತ್ತೆರಡಕ್ಕೆ ಪೆಟ್ರೋಲ್ ಬಂಕ್. ಏಳು ಹತ್ತಕ್ಕೆ ತಿಂಡಿ, ಹದಿನೆಂಟು ನಿಮಿಷ. ಶೌಚಾಲಯ, ಆರು ನಿಮಿಷ.

ಮಂತ್ರಿ ಓದಿ ತಲೆ ಎತ್ತಿದಳು. "ಅಪ್ಪಾ, ಅಜ್ಜಿ ಬಾತ್‌ರೂಮಿಗೆ ಹೋದ್ರೆ ಆರು ನಿಮಿಷದಲ್ಲಿ ಬಾಗಿಲೂ ಹಾಕ್ಕೊಂಡಿರಲ್ಲ. ಇದು ಟ್ರಿಪ್ಪಾ, ಪೊಲೀಸ್ ಪರೇಡಾ?"

ಅವಳೂ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಎಲ್ಲರಿಗೂ ಎಚ್ಚರ ಆದಾಗ ಹೊರಡುವುದು. ಅಜ್ಜಿಯ ಮಂಡಿ ಹೇಳಿದಾಗ ಕೂರುವುದು. ಬೇಜಾರಾದಾಗ ವಾಪಸ್. ಅಷ್ಟೇ! ಇಂಥ ಪಟ್ಟಿ ಇಟ್ಟುಕೊಂಡು ಬಸ್ಸು ಬಿಟ್ಟರೆ ಮಕ್ಕಳು ಶಾಲೆ ಮುಟ್ಟುವಷ್ಟರಲ್ಲಿ ಮೀಸೆ ಬಂದಿರುತ್ತದೆ.

ಮಾರ್ಚ್ 10, ಮಂಗಳವಾರ

ಈಗ ಒಂದು ಹೊಸ ಬಗೆಯ ಟಿಕೆಟ್ ಬಂದಿದೆಯಂತೆ. ಆರು ವಾರದೊಳಗೆ ಯಾವ ದಿನ ಬೇಕಾದರೂ ಹೋಗಬಹುದು, ಹಿಂದಿನ ದಿನ ಒಂದು ಫೋನ್ ಮಾಡಿದರೆ ಸಾಕು. ಹೆಂಡತಿ ಅಂಗಡಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ನಾನೇ ಫೋನ್ ಮಾಡಿದೆ. ಮನೆಯಲ್ಲಿ ಕೂತು ಏನಾದರೂ ಒಂದು ಕೆಲಸ ಮಾಡಬೇಕಲ್ಲ.

ಆ ಕಡೆಯ ಹುಡುಗಿ "ಎಷ್ಟು ಜನ ಸಾರ್?" ಎಂದಳು. ಮನಸ್ಸಿನಲ್ಲೇ ಸೀಟು ಎಣಿಸಿದೆ. ಮುಂದೆ ಅಮ್ಮ. ಹಿಂದೆ ಹೆಂಡತಿ, ಮಂತ್ರಿ, ಚೋಟು. "ನಾಲ್ಕು" ಎಂದೆ. ಎರಡೇ ನಿಮಿಷದಲ್ಲಿ ಮುಗಿಯಿತು. ಬಹಳ ದಿನದ ಮೇಲೆ ಒಂದು ಕೆಲಸ ನೀಟಾಗಿ ಆದ ಸಮಾಧಾನ.

ಮಾರ್ಚ್ 13, ಶುಕ್ರವಾರ

ಎದೆಗೆ ಒಂದು ಪುಟ್ಟ ಯಂತ್ರ ಅಂಟಿಸಿ ಕಳಿಸಿದ್ದಾರೆ. ಎರಡು ದಿನ ಬಡಿತ ಬರೆದುಕೊಳ್ಳುತ್ತದೆ. ನನ್ನಂತೆಯೇ ಅದಕ್ಕೂ ಲಾಗ್ ಪುಸ್ತಕದ ಕೆಲಸ.

ಸಂಜೆ ಹೊಸಬ ಮನೆಗೆ ಬಂದಿದ್ದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ತಲೆ ಪೂರ್ತಿ ಬೋಳು. "ಆ ಹಸಿರು ಗೇಟಿನ ಅವಳಿ ಮಕ್ಕಳು ನನ್ನ ಬಸ್ ಕಂಡ್ರೆ ಒಳಗೆ ಓಡ್ತಾವೆ. ಏನ್ ಮಾಡ್ಲಿ?" ಎಂದ.

ಹಾರ್ನ್ ಮಾಡಿದರೆ ಓಡುತ್ತಾರೆ, ಸುಮ್ಮನೆ ನಿಂತರೆ ತಾವಾಗಿಯೇ ಬರುತ್ತಾರೆ. ಇಷ್ಟೇ ವಿಷಯ. ನಾನು ಹೇಳಲಿಲ್ಲ. "ಅಭ್ಯಾಸ ಆಗುತ್ತೆ ಬಿಡಿ" ಎಂದೆ. ಟೀ ಕುಡಿದು ಹೋದ. ಯಂತ್ರಕ್ಕೆ ಆಗ ನನ್ನ ಎದೆಯಲ್ಲಿ ಏನು ಕಂಡಿತೋ.

ಮಾರ್ಚ್ 16, ಸೋಮವಾರ

ಶನಿವಾರಕ್ಕೆ ಹೋಗುವುದೆಂದು ತೀರ್ಮಾನ. ದೊಡ್ಡ ರೈಲಿನ ಆಟಕ್ಕೆ ನೂರಿಪ್ಪತ್ತು ಸೆಂಟಿಮೀಟರ್ ಎತ್ತರ ಬೇಕಂತೆ. ಚೋಟು ನೂರ ಹದಿನೆಂಟು. ಶಾಲೆಯಿಂದ ಬಂದಾಗಿನಿಂದ ಬಾಗಿಲ ಚೌಕಟ್ಟಿಗೆ ಜೋತುಬಿದ್ದಿದ್ದಾಳೆ. ಅಮ್ಮ ಅವಳ ಕಾಲು ಹಿಡಿದು ಎಳೆಯುತ್ತಾ, "ನಾನು ಲಾಂಡ್ರಿಯಲ್ಲಿ ಎಷ್ಟು ಬೆಡ್‌ಶೀಟ್ ಹೀಗೇ ಎಳೆದು ಉದ್ದ ಮಾಡಿದೀನಿ, ನೀನ್ಯಾವ ಲೆಕ್ಕ" ಅನ್ನುತ್ತಿದ್ದಳು. ಇಬ್ಬರೂ ನಕ್ಕು ನಕ್ಕು ಸುಸ್ತು.

ತಲೆ ಸುತ್ತು: ಇಲ್ಲ.

ಮಾರ್ಚ್ 20, ಶುಕ್ರವಾರ

ಚೋಟುಗೆ ಜ್ವರ. ನಾಳೆಯ ಪ್ರಯಾಣ ರದ್ದು. ನಾನು ಯೋಜನೆ ಕೆಟ್ಟಿತು ಎಂದು ಕೈಹಿಸುಕಿಕೊಂಡು ಓಡಾಡುತ್ತಿದ್ದರೆ ಮಂತ್ರಿ ಫ್ರಿಜ್ಜಿನ ಕಡೆ ಬೆರಳು ತೋರಿಸಿ, "ನನ್ನ ಪ್ಲ್ಯಾನ್ ಕೆಟ್ಟಿಲ್ಲ" ಎಂದಳು.

ಮಾರ್ಚ್ 21, ಶನಿವಾರ

ಇವತ್ತು ಹೆಂಡತಿ ನನ್ನ ಫೋನಿನಲ್ಲಿ ಟಿಕೆಟ್ ನೋಡಿದಳು. "ಇದ್ರಲ್ಲಿ ನಾಲ್ಕೇ ಇದೆಯಲ್ರೀ" ಎಂದಳು.

"ಹೌದು, ನಾಲ್ಕು ಜನ."

"ಯಾರ್ಯಾರು?"

ಬೆರಳು ಮಡಿಸುತ್ತಾ ಹೇಳಿದೆ. ಅಮ್ಮ, ನೀನು, ಮಂತ್ರಿ, ಚೋಟು. ನಾಲ್ಕು ಬೆರಳು ಮಡಿಸಿದ್ದಾಯಿತು. ಹೆಬ್ಬೆರಳು ನೆಟ್ಟಗೆ ನಿಂತೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ನೀವು?"

ಆಗ ಹೊಳೆಯಿತು. ಬಸ್ಸಿನಲ್ಲಿ ತಲೆ ಎಣಿಸುವಾಗ ಡ್ರೈವರ್ ತನ್ನನ್ನು ಎಣಿಸಿಕೊಳ್ಳುವುದಿಲ್ಲ. ಮೂವತ್ತೆಂಟು ಎಂದರೆ ಮಕ್ಕಳು ಮೂವತ್ತೆಂಟು. ನನಗೆ ನಗು ಬಂತು, ಅವಳಿಗೆ ಬರಲಿಲ್ಲ. "ಹೋಗ್ಲಿ ಬಿಡು, ನಾನು ಹೊರಗೆ ಪಾರ್ಕಿಂಗ್‌ನಲ್ಲಿ ಕೂತಿರ್ತೀನಿ. ಅಲ್ಲಿ ನಂಗೊಂದು ಒಳ್ಳೇ ಜಾಗ ಗೊತ್ತು" ಎಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು.

"ಒಳ್ಳೇ ಜಾಗ ಗೊತ್ತಂತೆ! ಮನೇಲಿ ನೀವು ಯಾರ್ರೀ? ಡ್ರೈವರಾ? ನಮ್ಮನ್ನ ಇಳಿಸಿ ಹೋಗೋಕೆ ಬಂದಿರೋರಾ?" ಅವಳ ದನಿ ಏರಿತು, ಆಮೇಲೆ ಪೂರ್ತಿ ಇಳಿಯಿತು. "ಅವತ್ತು ಆಯಮ್ಮ ಫೋನ್ ಮಾಡಿದಾಗ ನನ್ನ ಕೈಯಲ್ಲಿ ಯಾರದೋ ಕನ್ನಡಕ ಇತ್ತು. ಅದರ ಕಡ್ಡಿ ಮುರಿದೇ ಹೋಯ್ತು. ಹದಿನೇಳು ವರ್ಷದಲ್ಲಿ ನಾನು ಒಂದು ಕಡ್ಡಿ ಮುರಿದೋಳಲ್ಲ. ಆಸ್ಪತ್ರೆಗೆ ಬರೋ ದಾರಿಯಲ್ಲಿ ನಾವು ನಾಲ್ಕೇ ಜನ ಹೆಂಗಿರ್ತೀವಿ ಅಂತ ಎಣಿಸಿ ನೋಡಿದೀನಿ ನಾನು. ಇನ್ನೊಂದ್ಸಲ ಎಣಿಸೋಕೆ ನನ್ನ ಕೈಲಾಗಲ್ಲ."

ಈ ಮೂರು ವಾರ ಅವಳು ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿ ಅಂಗಡಿಗೆ ಹೋಗುತ್ತಿದ್ದಳು, ಸಂಜೆ ಬಂದು ನನ್ನ ಮಾತ್ರೆ ಎಣಿಸುತ್ತಿದ್ದಳು. ಧೈರ್ಯವಾಗಿದ್ದಾಳೆ ಎಂದುಕೊಂಡಿದ್ದೆ. ನನಗೆ ನನ್ನ ಬಸ್ಸು ಕೈತಪ್ಪುತ್ತದೆಯೇ ಎಂಬುದೊಂದೇ ಚಿಂತೆಯಾಗಿತ್ತು.

ಮಾರ್ಚ್ 22, ಭಾನುವಾರ

ಮಂತ್ರಿ ಪಾರ್ಕಿನವರಿಗೆ ಫೋನ್ ಮಾಡಿ, "ನಮ್ಮ ಅಪ್ಪನ್ನ ಬಿಟ್ಟುಬಿಟ್ಟಿದೀವಿ, ಸೇರಿಸ್ಕೊಳ್ಳಿ" ಎಂದಳು. ಬಳಸದ ಟಿಕೆಟ್‌ಗೆ ಜನ ಸೇರಿಸಬಹುದಂತೆ. ಏಳು ನಿಮಿಷ ಹಿಡಿಯಿತು. ಹೆಂಡತಿ ಇನ್ನೂ ಅಷ್ಟಾಗಿ ಮಾತಾಡುತ್ತಿಲ್ಲ. ಟೀ ಮಾತ್ರ ಕೊಟ್ಟಳು, ಸಕ್ಕರೆಯೂ ಇತ್ತು.

ಮಾರ್ಚ್ 25, ಬುಧವಾರ

ಆಸ್ಪತ್ರೆಗೆ ಸಿಟಿ ಬಸ್ಸಿನಲ್ಲಿ ಹೋದೆ. ಪ್ರಯಾಣಿಕನಾಗಿ ಬಸ್ಸು ಹತ್ತಿ ಎಷ್ಟು ವರ್ಷವಾಯಿತೋ. ಮುಂದೆ ಕುಳಿತವನು ಬ್ರೇಕ್ ಹಾಕುವ ಮೊದಲೇ ನನ್ನ ಬಲಗಾಲು ನೆಲ ಒತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಕಾಲು ನೋವಾ?" ಎಂದು ಕೇಳಿಯೇಬಿಟ್ಟಳು.

ಅರ್ಧ ದಾರಿ ನನ್ನದೇ ರೂಟು. ನೀರಿನ ಟ್ಯಾಂಕಿನ ಸ್ಟಾಪಿನ ಹಿಂದೆ ಒಂದು ಮನೆಯ ತಾರಸಿಯ ತುಂಬ ಗುಲಾಬಿ ಕುಂಡಗಳಿವೆ. ಒಬ್ಬ ಮುದುಕ ಬನಿಯನ್ ಹಾಕಿಕೊಂಡು ಚೊಂಬಿನಲ್ಲಿ ಒಂದೊಂದಕ್ಕೂ ನೀರು ಕೊಡುತ್ತಿದ್ದ. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ಅದರ ಮುಂದೆ ಬಸ್ಸು ನಿಲ್ಲಿಸಿದ್ದೇನೆ. ಕನ್ನಡಿ ನೋಡಿದ್ದೇನೆ, ಬಾಗಿಲು ನೋಡಿದ್ದೇನೆ, ತಲೆ ಎತ್ತಿ ತಾರಸಿ ನೋಡಿರಲಿಲ್ಲ.

ಆ ಸ್ಟಾಪು ಕಂಡದ್ದಕ್ಕೆ ಅಲ್ಲಿಯ ಹುಡುಗಿ ನೆನಪಾದಳು. ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಬೆಳಿಗ್ಗೆ ಮಾತಾಡಿಸಿದರೆ ಅಳುತ್ತಾಳೆ, ಸಂಜೆ ಮಾತಾಡಿಸದಿದ್ದರೆ ಅಳುತ್ತಾಳೆ. ಇದು ಹೊಸಬನಿಗೆ ಗೊತ್ತಿರುವುದಿಲ್ಲ. ಹೇಳುವವರಾದರೂ ಯಾರು? ಮನೆಗೆ ಬಂದವನೇ ಕುಳಿತು ಬರೆಯಲು ಶುರುಮಾಡಿದೆ. ಹಸಿರು ಗೇಟು: ಹಾರ್ನ್ ಬೇಡ. ಹಾಲಿನ ಬೂತು: ಇಲ್ಲಿಯವಳಿಗೆ ಮೂರನೇ ತಿರುವಿನಲ್ಲಿ ವಾಂತಿ, ಕಿಟಕಿ ಪಕ್ಕ ಕೂರಿಸಿ. ಮೂಲೆ ಮನೆ: ಇಲ್ಲಿಯ ಹುಡುಗನ ಅಜ್ಜನಿಗೆ ಕಿವಿ ಕೇಳಿಸದು, ಕೈ ಬೀಸಿ. ಹೀಗೆ ಬರೆಯುತ್ತಾ ಹೋದರೆ ಹನ್ನೊಂದು ಪುಟ.

ಸಂಜೆ ನಾನೇ ಶಾಲೆಯ ಶೆಡ್ಡಿಗೆ ಹೋಗಿ ಹೊಸ ಡ್ರೈವರಿಗೆ ಕೊಟ್ಟು ಬಂದೆ. ಅವರು ನಿಂತಲ್ಲೇ ಎರಡು ಪುಟ ಓದಿದರು. "ಮೊದಲೇ ಇದು ಸಿಕ್ಕಿದ್ರೆ ನಾನು ಮೂರು ವಾರ ಬೈಸಿಕೊಳ್ತಾ ಇರ್ಲಿಲ್ಲ ಮಾರಾಯ" ಎಂದು ನಕ್ಕರು. ತಪ್ಪು ನನ್ನದು ಎಂದು ಹೇಳಿದೆ.

ಮಾರ್ಚ್ 31, ಮಂಗಳವಾರ

ಬೆಳಿಗ್ಗೆ ಏಳು ಗಂಟೆ ಏಳು ನಿಮಿಷಕ್ಕೆ ಬಸ್ಸು ನಮ್ಮ ಗೇಟಿನ ಮುಂದೆ ನಿಧಾನ ಮಾಡಿತು. ಕಿಟಕಿಗಳ ತುಂಬ ತಲೆಗಳು. "ಅಂಕಲ್, ಹಲ್ಲು ಬಿತ್ತು!" ಎಂದು ಮೂಲೆ ಮನೆಯವನು ಬಾಯಿ ಅಗಲಿಸಿ ತೋರಿಸಿದ. ಅವಳಿಗಳು ಒಟ್ಟಿಗೆ ಕೈ ಬೀಸಿದರು. ಗೇರು ಬದಲಾಯಿಸಿದ್ದು ನನಗೆ ಕೇಳಿಸಲೇ ಇಲ್ಲ. ಅಷ್ಟು ಮೆತ್ತಗೆ.

ಬಸ್ಸು ಹೋದ ಮೇಲೆ ಒಳಗೆ ಬಂದು ಅಮ್ಮನ ಮುಂದೆ ಕುಳಿತೆ. ಏನೋ ಒಂದು ಸುಖ. ದೇವರೇ, ಒಂದು ಮಗುವಿಗೂ ಏನೂ ಆಗದೆ ನನಗಾಯಿತಲ್ಲ, ಅಷ್ಟು ಸಾಕು ಅನ್ನಿಸಿತು.

ಏಪ್ರಿಲ್ 3, ಶುಕ್ರವಾರ

ಅಮ್ಮನ ಮಂಡಿ ಊದಿದೆ. ಪ್ರಯಾಣ ಎರಡನೇ ಸಲ ಮುಂದಕ್ಕೆ. ನಾನೇ ಫ್ರಿಜ್ಜಿನ ಹಾಳೆಯ ಕೆಳಗೆ "ಮಂಡಿ ಇನ್ನೂ ಹೇಳಿಲ್ಲ" ಎಂದು ಬರೆದೆ. ಹೆಂಡತಿ ಓದಿ ನಕ್ಕಳು.

ಏಪ್ರಿಲ್ 7, ಮಂಗಳವಾರ

ಇವರಿಗೆಲ್ಲ ಏನಾಗಿದೆಯೋ. ನಿನ್ನೆ ಹೆಂಡತಿ ಅಂಗಡಿಯಲ್ಲಿ ಮಾಲು ಎಣಿಸುವುದಿತ್ತು ಎಂದು ಒಂದು ಗಂಟೆ ತಡವಾಗಿ ಬಂದಳು. ಕಣ್ಣು ಕೆಂಪಗಿತ್ತು. ದಿನವಿಡೀ ಗಾಜು ನೋಡಿದರೆ ಆಗದೇ ಏನು. ಬಂದವಳೇ ಅಡುಗೆಮನೆಯಲ್ಲಿ ಅಮ್ಮ ಮತ್ತು ಮಂತ್ರಿಯ ಜೊತೆ ಗುಸುಗುಸು. ಇವತ್ತು ಬೆಳಿಗ್ಗೆ ಮಂತ್ರಿ, "ಗುರುವಾರ ಹೋಗ್ತಾ ಇದೀವಿ. ಜ್ವರ ಬಂದ್ರೂ ಸರಿ, ಮಂಡಿ ಕಳಚಿ ಬಿದ್ರೂ ಸರಿ" ಎಂದಳು. ಇದೇನಮ್ಮಾ, ಬೇಕಾದಾಗ ಹೊರಡುವುದು ಅಂದವಳು ನೀನೇ ಅಲ್ಲವೇ ಎಂದರೆ ಬ್ಯಾಗು ಹುಡುಕಲು ಹೋದಳು. ಅಮ್ಮ ನಿನ್ನೆಯವರೆಗೂ ಕುಂಟುತ್ತಿದ್ದವಳು, "ನನಗೇನಾಗಿದೆ? ಗುಂಡುಕಲ್ಲಿನಂಗಿದೀನಿ" ಎಂದು ಎದ್ದು ನಿಂತು ತೋರಿಸಿದಳು. ಚೋಟು ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ಓಡಿಹೋದಳು.

ಶಾಲೆಗೆ ರಜೆ ಶುರುವಾಗಿರುವುದರಿಂದ ಹೊಸ ಡ್ರೈವರ್, ಅವರನ್ನೀಗ ಅಣ್ಣ ಎನ್ನುತ್ತೇನೆ, ಭಾವನ ವ್ಯಾನು ತಂದು ತಾವೇ ಓಡಿಸುವುದಾಗಿ ಹೇಳಿದ್ದಾರೆ. ಬೇಡ ಅಂದರೂ ಕೇಳಲಿಲ್ಲ. ಪಾರ್ಕಿನವರಿಗೆ ಫೋನ್ ಮಾಡಿ ಗುರುವಾರ, ಆರು ಜನ ಎಂದು ಹೇಳಿದೆ. "ಆರನೆಯವರು ಯಾರು ಅಪ್ಪಾ?" ಎಂದಳು ಮಂತ್ರಿ. "ಡ್ರೈವರ್ ಇದಾರಲ್ಲೇ!" ಎಂದೆ. ಇಷ್ಟು ಓದಿದ ಹುಡುಗಿಗೆ ಎಣಿಸಲು ಬರುವುದಿಲ್ಲ.

ಏಪ್ರಿಲ್ 8, ಬುಧವಾರ

ಡಾಕ್ಟರಮ್ಮ ಹೇಳಿದರು. ನಿದ್ದೆಯಲ್ಲಿ ನನ್ನ ಎದೆ ಒಂದೊಂದು ಸಲ ನಾಲ್ಕು ಸೆಕೆಂಡ್ ಸುಮ್ಮನಿರುತ್ತದೆ. ಮುಂದಿನ ತಿಂಗಳು ಒಂದು ಸಣ್ಣ ಯಂತ್ರ ಒಳಗಿಡುತ್ತಾರೆ. ಆಮೇಲೆ ನೂರು ವರ್ಷ ಬದುಕಿ, ಯಾರು ಬೇಡ ಅಂತಾರೆ ಎಂದರು. ಸ್ಕೂಲ್ ಬಸ್ಸು ಮಾತ್ರ ಇನ್ನು ಇಲ್ಲ.

ನಾಳೆ ಎಲ್ಲರೂ ಇಷ್ಟು ಆಸೆಯಿಂದ ಹೊರಟಿದ್ದಾರೆ. ಬಂದ ಮೇಲೆ ಹೇಳುತ್ತೇನೆ. "ಏನಂದ್ರು?" ಎಂದು ಹೆಂಡತಿ ಕೇಳಿದಳು. "ರಿಪೋರ್ಟ್ ಇನ್ನೂ ಬಂದಿಲ್ಲ" ಎಂದೆ. "ಹೂಂ" ಎಂದಳು.

ಏಪ್ರಿಲ್ 10, ಶುಕ್ರವಾರ

ನಿನ್ನೆಯದನ್ನು ಇವತ್ತು ಬೆಳಿಗ್ಗೆ ಕುಳಿತು ಬರೆಯುತ್ತಿದ್ದೇನೆ.

ಹೊರಟಾಗ ಎಂಟು ಗಂಟೆ ದಾಟಿತ್ತು. ಚೋಟುವಿನ ಒಂದು ಶೂ ಸಿಗಲಿಲ್ಲ, ಸಿಕ್ಕಿತು, ಅಷ್ಟರಲ್ಲಿ ಅಮ್ಮನಿಗೆ ಇನ್ನೊಂದು ಟೀ ಬೇಕಾಯಿತು. ಯಾರೂ ಗಡಿಯಾರ ನೋಡಲಿಲ್ಲ. ಪಾರ್ಕಿನ ಹೊರಗೆ ಅಣ್ಣ ವ್ಯಾನು ನಿಲ್ಲಿಸಿ, "ನೀವು ಹೋಗಿ ಬನ್ನಿ, ನಾನು ಇಲ್ಲೇ ಒರಗಿರ್ತೀನಿ" ಎಂದರು. ಅವರ ಕೈ ಹಿಡಿದು ಎಳೆದುಕೊಂಡೇ ಗೇಟು ದಾಟಿದೆ. "ನಿಮ್ಮ ಹೆಸರಲ್ಲಿ ಟಿಕೆಟ್ ಆಗಿದೆ, ಬರ್ದೇ ಇದ್ರೆ ಮಂತ್ರಿಗೆ ನೀವೇ ಉತ್ತರ ಕೊಡ್ಬೇಕು" ಎಂದೆ. ಒಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ಹೋಗುವ ತನಕ ನಾನೂ ಒಳಗಿದ್ದೇನೆ ಎಂದು ಗಮನಿಸಲೇ ಇಲ್ಲ.

ಎಷ್ಟು ದೊಡ್ಡದಿದೆ! ಹೊರಗೆ ಕೂತು ಕೇಳಿದ ಕಿರುಚಾಟದಿಂದ ನಾನು ಕಲ್ಪಿಸಿಕೊಂಡದ್ದು ಒಂದು ತೊಟ್ಟಿಲು, ಒಂದು ಜಾರುಬಂಡಿ. ಇಲ್ಲಿ ಕೆರೆ ಇದೆ, ಸೇತುವೆ ಇದೆ, ಮೂರು ಮಹಡಿ ಎತ್ತರದಿಂದ ಜನ ತಲೆಕೆಳಗಾಗಿ ಬರುತ್ತಾರೆ. ದೊಡ್ಡ ರೈಲಿನ ಮುಂದೆ ಒಂದು ಬೋರ್ಡು. ಹೃದಯದ ತೊಂದರೆ ಇರುವವರು, ಮಂಡಿ ಅಥವಾ ಬೆನ್ನು ನೋವಿರುವವರು, ನೂರಿಪ್ಪತ್ತು ಸೆಂಟಿಮೀಟರಿಗಿಂತ ಕುಳ್ಳಗಿರುವವರು ಹತ್ತುವಂತಿಲ್ಲ. ಅಮ್ಮ ನನ್ನಿಂದ ಓದಿಸಿ ಕೇಳಿ, "ನಮ್ಮನೆಗೆ ಬಂದು ನೋಡ್ಕೊಂಡು ಹೋಗಿ ಬರೆದಂಗಿದೆಯಲ್ಲೋ!" ಎಂದಳು.

ಹೆಂಡತಿ, ಮಂತ್ರಿ, ಅಣ್ಣ ಹತ್ತಿದರು. ನಾವು ಮೂವರು ಕೆಳಗೆ ಬೆಂಚಿನ ಮೇಲೆ ಕುಳಿತು ಕತ್ತು ಎತ್ತಿ ನೋಡಿದೆವು. ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಹೆಂಡತಿ ಅಷ್ಟು ಜೋರಾಗಿ ಕಿರುಚಬಲ್ಲಳು ಎಂದು ಗೊತ್ತಿರಲಿಲ್ಲ. ಇಳಿದು ಬಂದಾಗ ಕೂದಲೆಲ್ಲ ಕೆದರಿತ್ತು, ಮುಖ ಕೆಂಪಾಗಿತ್ತು, ನಗು ನಿಲ್ಲುತ್ತಿರಲಿಲ್ಲ. "ಇನ್ನೊಂದ್ಸಲ ಹೋಗ್ತೀನಿ ಕಣ್ರೀ" ಎಂದು ಮತ್ತೆ ಓಡಿದಳು. ಅಣ್ಣನಿಗೆ ಒಂದೇ ಸಾಕಾಗಿತ್ತು. ಟೋಪಿ ಕೆರೆಗೆ ಹೋಯಿತಂತೆ. "ಲಾರಿ ಬ್ರೇಕ್ ಫೇಲಾದಾಗ್ಲೂ ನಾನು ಹಿಂಗೆ ಹೆದರಿರ್ಲಿಲ್ಲ" ಎಂದು ನೀರು ಕುಡಿದರು.

ಮಧ್ಯಾಹ್ನದ ಮೇಲೆ ಕೆರೆ ಸುತ್ತುವ ಪುಟ್ಟ ರೈಲು ಹತ್ತಿದೆವು. ಅದಕ್ಕೆ ಬೋರ್ಡಿಲ್ಲ. ಎದೆ, ಮಂಡಿ, ಎತ್ತರ ಏನಿದ್ದರೂ ನಡೆಯುತ್ತದೆ. ಎದುರುಬದುರು ಸೀಟು, ಆರು ಜನಕ್ಕೆ ಸರಿಯಾಯಿತು. ಎಲ್ಲರೂ ಒಟ್ಟಿಗೆ, ಎಲ್ಲರ ಮುಖವೂ ನನ್ನ ಕಡೆಗಿತ್ತು. ಬಸ್ಸಿನಲ್ಲಿ ನಾನು ಮುಖಗಳನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತಿದ್ದವನು. ಹೇಳದೆ ಇರಲು ಆಗಲಿಲ್ಲ.

"ನಿನ್ನೆ ರಿಪೋರ್ಟ್ ಬಂತು. ನನಗೆ ಇನ್ನು ಬಸ್ ಇಲ್ಲ."

ಯಾರೂ ಗಾಬರಿಯಾಗಲಿಲ್ಲ. ಹೆಂಡತಿ ಕೆರೆ ನೋಡುತ್ತಿದ್ದಳು, ಮಂತ್ರಿ ತನ್ನ ಉಗುರು. ಚೋಟು ಒಬ್ಬಳೇ ಎದ್ದು ನಿಂತು, "ಅಮ್ಮಾ, ಅಪ್ಪಂಗೂ ಗೊತ್ತಾ? ಗುಟ್ಟು ಅಂದ್ಯಲ್ಲ!" ಎಂದು ಕೂಗಿದಳು.

ಸೋಮವಾರ ಹೆಂಡತಿ ಮಾಲು ಎಣಿಸಲು ಉಳಿದಿರಲಿಲ್ಲ. ಕಾಯಲು ಆಗದೆ ತಾನೇ ಡಾಕ್ಟರಮ್ಮನ ಬಳಿ ಹೋಗಿ ಕೂತಿದ್ದಳು. ವಿಷಯವನ್ನೂ, ನನಗೆ ಬುಧವಾರ ತಿಳಿಸುವುದನ್ನೂ ಅವರು ಹೇಳಿದ್ದರು. ಈ ಸುದ್ದಿ ನನಗೆ ಮುಟ್ಟಿದ ಮರುದಿನ ನಾನು ಮನೆಯಲ್ಲಿ ಒಬ್ಬನೇ ಗೇಟು ಹಿಡಿದು ನಿಲ್ಲಬಾರದು ಎಂದು ಮನೆಯವರೆಲ್ಲ ಸೇರಿ ಗುರುವಾರ ಗಟ್ಟಿ ಮಾಡಿದ್ದರು. ನಾನು ಅವರ ಸಂತೋಷ ಕೆಡದಿರಲಿ ಎಂದು ಮುಚ್ಚಿಟ್ಟೆ, ಅವರು ನನ್ನದು ಕೆಡದಿರಲಿ ಎಂದು. ಅಣ್ಣನಿಗೂ ಗೊತ್ತಿತ್ತು! ನಾನು ಬರೆದ ಹನ್ನೊಂದು ಪುಟವನ್ನು ಶಾಲೆಯಲ್ಲಿ ಉಳಿದ ಮೂರು ಬಸ್ಸಿನವರಿಗೂ ಮಾದರಿಗೆಂದು ಪ್ರತಿ ಮಾಡಿಸಿ ಕೊಟ್ಟಿದ್ದಾರಂತೆ, ಹೆಡ್‌ಮಿಸ್ ಬರುವ ಸೋಮವಾರ ಬಂದು ಮಾತಾಡಲು ಹೇಳಿದ್ದಾರಂತೆ. ಏನು ಕೆಲಸ, ಕೊಡುತ್ತಾರೋ ಇಲ್ಲವೋ, ಗೊತ್ತಿಲ್ಲ. ಹೋಗಿ ಕೇಳುತ್ತೇನೆ.

ಆಗ ನನಗೆ ಅಳು ಬಂತು. ಸಣ್ಣದಾಗಿ ಅಲ್ಲ, ಭುಜ ಕುಲುಕುವಷ್ಟು. ಇಪ್ಪತ್ತೆರಡು ವರ್ಷದ್ದು. ಮುಖ ತಿರುಗಿಸಿಕೊಳ್ಳಲು ಹೋದರೆ ಅಮ್ಮ ನನ್ನ ಗಲ್ಲ ಹಿಡಿದಳು. "ಅಳು ಮಗಾ. ಇಲ್ಲಿ ಎಲ್ಲರೂ ಕಿರುಚ್ತಾ ಇದಾರೆ, ಯಾರಿಗೂ ಕೇಳ್ಸಲ್ಲ." ಚೋಟು ಬಂದು ಮಡಿಲಲ್ಲಿ ಕುಳಿತಳು. ರೈಲು ಕೆರೆಯನ್ನು ಎರಡು ಸುತ್ತು ಹಾಕಿತು, ನಮ್ಮನ್ನು ಇಳಿಯಿರಿ ಎಂದು ಯಾರೂ ಹೇಳಲಿಲ್ಲ. ಆ ರೈಲಿನವನಿಗೂ ನನ್ನ ನಮಸ್ಕಾರ.

ವಾಪಸ್ ಹೊರಟದ್ದು ಐದು ಗಂಟೆಗೆ. ದಾರಿ ಹೇಗಿತ್ತು, ಎಲ್ಲಿ ಗುಂಡಿ, ಎಲ್ಲಿ ಟ್ರಾಫಿಕ್ ಎಂದು ಬರೆಯಲು ಪೆನ್ನು ಹಿಡಿದರೆ ಏನೂ ಗೊತ್ತಿಲ್ಲ. ಪೇಟೆ ದಾಟುವ ಮೊದಲೇ ಹೆಂಡತಿಯ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೆನಂತೆ. ಮನೆ ಮುಂದೆ ಅಣ್ಣ ವ್ಯಾನು ನಿಲ್ಲಿಸಿದರೂ ಎಂಜಿನ್ ಆಫ್ ಮಾಡಲಿಲ್ಲವಂತೆ. ಸದ್ದು ನಿಂತರೆ ಡ್ರೈವರ್ ಆದವನಿಗೆ ಎಚ್ಚರವಾಗುತ್ತದೆ ಎಂದು ಅವರಿಗೆ ಗೊತ್ತು. ಹಾಗೇ ಅರ್ಧ ಗಂಟೆ, ಅಮ್ಮ ಊದಿದ ಮಂಡಿ ಹಿಡಿದುಕೊಂಡು, ಮಕ್ಕಳು ಪಿಟ್ ಎನ್ನದೆ, ಎಲ್ಲರೂ ವ್ಯಾನಿನೊಳಗೇ ಕುಳಿತು ನಾನು ಏಳುವುದನ್ನು ಕಾದರಂತೆ.